ಮರೆವು, ಅರಳುಮರಳು, ಡಿಮೆನ್ಷಿಯಾ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು, ಮಂಜೇಶ್ವರ ಕಡೆಯ ಕನ್ನಡ ಮನೆಗಳಲ್ಲಿ ಹಿರಿಯರ ಮರೆವಿನ ಮಾತು ಬಂದಾಗ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಅರ್ಧ ಪ್ರಶ್ನೆಗಳು ಕಾಯಿಲೆಯವು, ಇನ್ನರ್ಧ ಪದಗಳವು. ನಮ್ಮ ಊರಲ್ಲಿ ಇವೆರಡನ್ನು ಬೇರೆ ಮಾಡೋದು ಕಷ್ಟ. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಕೊಂಕಣಿಯೋ ಇರುತ್ತದೆ, ಶಾಲೆಯಲ್ಲಿ ಕಲಿತದ್ದು ಕನ್ನಡ, ಸರ್ಕಾರಿ ಆಸ್ಪತ್ರೆಯಲ್ಲಿ ಕಿವಿಗೆ ಬೀಳೋದು ಮಲಯಾಳಂ, ಮಂಗಳೂರಿಗೆ ಹೋದರೆ ಫೈಲ್ ತುಂಬ ಇಂಗ್ಲಿಷ್. ಒಂದೇ ಕಾಯಿಲೆಗೆ ಇಷ್ಟು ಹೆಸರು ಕೇಳಿ ಜನ ಗಾಬರಿಯಾಗುತ್ತಾರೆ. ಗಾಬರಿಯಲ್ಲಿ ಚಿಕಿತ್ಸೆ ತಡವಾಗುತ್ತದೆ.

‘ಅಮ್ನೀಷಿಯಾ’ ಅಂದರೆ ಏನು? ಆ ಪದ ಎಲ್ಲಿಂದ ಬಂತು?

ಗ್ರೀಕ್ ಭಾಷೆಯಿಂದ. ಮೊದಲಿನ ‘ಅ’ ಅಂದರೆ ‘ಇಲ್ಲ’. ನಮ್ಮ ‘ಅಸಾಧ್ಯ’, ‘ಅಜ್ಞಾನ’ಗಳಲ್ಲಿ ಇರುವ ಅದೇ ‘ಅ’. ಉಳಿದ ಭಾಗಕ್ಕೆ ನೆನಪು ಅಂತ ಅರ್ಥ. ಒಟ್ಟಿನಲ್ಲಿ ನೆನಪು ಇಲ್ಲದಿರುವುದು. ಗ್ರೀಕರ ನೆನಪಿನ ದೇವತೆಯ ಹೆಸರು ಮ್ನೆಮೊಸೈನ್. ಅದೂ ಇದೇ ಬೇರಿನದು. ಅವಳು ಕಲೆಗಳ ಒಂಬತ್ತು ದೇವಿಯರ ತಾಯಿ. ಸಾರ್ವತ್ರಿಕ ಕ್ಷಮಾದಾನಕ್ಕೆ ‘ಆಮ್ನೆಸ್ಟಿ’ ಅಂತಾರಲ್ಲ, ಅದು ಕೂಡ ಈ ಮನೆತನದ್ದೇ: ಆದ ತಪ್ಪನ್ನು ಮರೆತುಬಿಡೋಣ ಅನ್ನುವ ಒಪ್ಪಂದ.

ಸಂಸ್ಕೃತದಲ್ಲೂ ಇದರ ಸಂಬಂಧಿ ಇದೆ. ‘ಮ್ನಾ’ ಅನ್ನುವ ಧಾತು. ಅದರಿಂದ ಬಂದದ್ದು ‘ಆಮ್ನಾಯ’, ಅಂದರೆ ಹೇಳಿ ಹೇಳಿ ಬಾಯಿಪಾಠವಾಗಿ ತಲೆಮಾರಿನಿಂದ ತಲೆಮಾರಿಗೆ ದಾಟಿ ಬಂದದ್ದು, ವೇದ. ಮರೆವಿನ ಗ್ರೀಕ್ ಪದಕ್ಕೂ ವೇದದ ಇನ್ನೊಂದು ಹೆಸರಿಗೂ ಬೇರು ಒಂದೇ. ನನಗಂತೂ ಇದು ತುಂಬ ಇಷ್ಟವಾದ ಸಂಗತಿ.

‘ಡಿಮೆನ್ಷಿಯಾ’?

ಇದು ಲ್ಯಾಟಿನ್. ‘ಡಿ’ ಅಂದರೆ ಆಚೆ, ದೂರ. ‘ಮೆನ್ಸ್’ ಅಂದರೆ ಮನಸ್ಸು. ನಮ್ಮ ‘ಮನಸ್ಸು’, ‘ಮತಿ’ ಎರಡೂ ಅದರ ಹತ್ತಿರದ ನೆಂಟರು. ಹಾಗಾಗಿ ಅಕ್ಷರಕ್ಕೆ ಅಕ್ಷರ ಹಿಡಿದರೆ ‘ಮತಿ ತಪ್ಪುವುದು’ ಅಂತ ಆಗುತ್ತದೆ. ಹಿಂದೆ ಈ ಪದಕ್ಕೆ ಹರವು ಜಾಸ್ತಿ ಇತ್ತು. ಈಗ ನಾವು ಸ್ಕಿಜೋಫ್ರೇನಿಯಾ ಅನ್ನುವ ಕಾಯಿಲೆಗೂ ನೂರು ವರ್ಷದ ಹಿಂದೆ ಡಿಮೆನ್ಷಿಯಾ ಅಂತ ಸೇರಿಸಿ ಹೇಳುತ್ತಿದ್ದರು. ಈಗ ಆ ಅರ್ಥ ಇಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರ ಆವೃತ್ತಿಯಲ್ಲಿ ಈ ಪದವನ್ನು ಹಿಂದಕ್ಕೆ ಸರಿಸಿ ‘ನ್ಯೂರೋಕಾಗ್ನಿಟಿವ್ ಡಿಸಾರ್ಡರ್’ ಅಂತ ಹೆಸರಿಟ್ಟಿತು. ಆದರೆ ಆಸ್ಪತ್ರೆಗಳಲ್ಲಿ ಬಾಯಿಮಾತು ಇನ್ನೂ ಡಿಮೆನ್ಷಿಯಾನೇ.

ಅಲ್ಝೈಮರ್ ಅನ್ನೋದು ಯಾರ ಹೆಸರು?

ಅಲೋಯಿಸ್ ಅಲ್ಝೈಮರ್ ಅನ್ನುವ ಜರ್ಮನ್ ವೈದ್ಯರ ಹೆಸರು. 1901ರಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ಅಗಸ್ಟೆ ಡೀಟರ್ ಅನ್ನುವ ಹೆಂಗಸನ್ನು ಕರೆತಂದರು. ವಯಸ್ಸು 51, ಅಷ್ಟೇ. ಅಲ್ಝೈಮರ್ ಎದುರಿಗೆ ಕೂತು ಒಂದೊಂದೇ ಪ್ರಶ್ನೆ ಕೇಳಿ ಉತ್ತರವನ್ನು ಹಾಗೆ ಹಾಗೇ ಬರೆದುಕೊಂಡರು. ನಿಮ್ಮ ಹೆಸರು? ಅಗಸ್ಟೆ. ಮನೆತನದ ಹೆಸರು? ಅಗಸ್ಟೆ. ಗಂಡನ ಹೆಸರು? ಅಗಸ್ಟೆ, ಇರಬೇಕು. ಮಧ್ಯಾಹ್ನ ಆಕೆ ಹೂಕೋಸು ಮತ್ತು ಹಂದಿಮಾಂಸ ತಿನ್ನುತ್ತಿದ್ದಾಗ ಏನು ತಿಂತಾ ಇದ್ದೀರಿ ಅಂತ ಕೇಳಿದರೆ ಪಾಲಕ್ ಸೊಪ್ಪು ಅಂದಳು. ‘ನಾನು ನನ್ನನ್ನೇ ಕಳೆದುಕೊಂಡಿದ್ದೇನೆ’ ಅಂತಲೂ ಆಕೆ ಹೇಳಿದ್ದು ದಾಖಲೆಯಲ್ಲಿದೆ.

ಆಕೆ 1906ರಲ್ಲಿ ತೀರಿಕೊಂಡಳು. ಅಲ್ಝೈಮರ್ ಆಕೆಯ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ನರಕೋಶಗಳ ಒಳಗೆ ಕಟ್ಟಿಕೊಂಡ ಗಂಟುಗಳನ್ನೂ ಅವುಗಳ ನಡುವಿನ ಕಲೆಗಳನ್ನೂ ಗುರುತಿಸಿದರು. ಅದೇ ವರ್ಷ ನವೆಂಬರ್ 3ರಂದು ಟ್ಯೂಬಿಂಗನ್‌ನಲ್ಲಿ ವೈದ್ಯರ ಸಭೆಯ ಮುಂದೆ ಅದನ್ನು ಹೇಳಿದರು. 1910ರಲ್ಲಿ ಮನೋವೈದ್ಯ ಎಮಿಲ್ ಕ್ರೆಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಕಾಯಿಲೆಗೆ ಅಲ್ಝೈಮರ್ ಹೆಸರನ್ನೇ ಇಟ್ಟರು. ಆ ಹೆಂಗಸಿನ ಮೂಲ ಫೈಲ್ ಮತ್ತೆ ಸಿಕ್ಕಿದ್ದು 1995ರಲ್ಲಿ.

ಈ ಕಥೆಯಲ್ಲಿ ನಾನು ಎಲ್ಲರಿಗೂ ಒತ್ತಿ ಹೇಳೋದು ಆ ವಯಸ್ಸನ್ನು. ಐವತ್ತೊಂದು. ‘ವಯಸ್ಸಾಯ್ತಲ್ಲ, ಅದಕ್ಕೇ ಮರೆವು’ ಅಂತ ತಳ್ಳಿಹಾಕುವ ಮೊದಲು ಇದು ನೆನಪಿರಲಿ.

ಈ ಮೂರೂ ಒಂದೇನಾ?

ಅಲ್ಲ. ಅಮ್ನೀಷಿಯಾದಲ್ಲಿ ಪೆಟ್ಟು ಬೀಳೋದು ಮುಖ್ಯವಾಗಿ ನೆನಪಿಗೆ. ಮಾತು, ಬುದ್ಧಿ, ಲೆಕ್ಕಾಚಾರ ಸರಿಯಾಗಿಯೇ ಇರಬಹುದು. ಹೆನ್ರಿ ಮೊಲೈಸನ್ ಅನ್ನುವ ಅಮೆರಿಕದವರಿಗೆ ಅಪಸ್ಮಾರ ನಿಲ್ಲಿಸಲು 1953ರಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆ ಮಾಡಿ, ಹೊಸ ನೆನಪು ಕೂಡಿಕೊಳ್ಳುವ ಹಿಪೊಕ್ಯಾಂಪಸ್ ಅನ್ನುವ ಭಾಗವನ್ನು ತೆಗೆದರು. ಆಮೇಲೆ 2008ರಲ್ಲಿ ಸಾಯುವ ತನಕ ಅವರಿಗೆ ಹೊಸ ನೆನಪು ಅಂಟಲೇ ಇಲ್ಲ ಅನ್ನಬಹುದು. ಆದರೂ ಮಾತು ಚೆನ್ನಾಗಿತ್ತು, ಪದಬಂಧ ಬಿಡಿಸುತ್ತಿದ್ದರು.

ಡಿಮೆನ್ಷಿಯಾ ಒಟ್ಟು ಹೆಸರು. ನೆನಪಿನ ಜೊತೆ ಮಾತು, ದಾರಿ ಗುರುತು, ತೀರ್ಮಾನ, ದಿನದ ಕೆಲಸ ಎಲ್ಲ ಸ್ವಲ್ಪ ಸ್ವಲ್ಪವಾಗಿ ಕೈಬಿಡುತ್ತವೆ. ಅದಕ್ಕೆ ಕಾರಣ ಹಲವು. ಅದರಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣೋದು ಅಲ್ಝೈಮರ್, ನೂರರಲ್ಲಿ 60ರಿಂದ 70. ರಕ್ತನಾಳದ ತೊಂದರೆಯಿಂದ ಬರುವುದು ಇನ್ನೊಂದು ದೊಡ್ಡ ಗುಂಪು. ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ, ಅಂದರೆ ಶೇಕಡಾ 7.4ರಷ್ಟು ಮಂದಿಗೆ ಡಿಮೆನ್ಷಿಯಾ ಇದೆ ಅಂತ 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು.

ಹಾಗಾದರೆ ನಮ್ಮ ‘ಮರೆವು’ ಎಲ್ಲಿಂದ ಬಂತು?

ಇದು ಅಪ್ಪಟ ದ್ರಾವಿಡ ಪದ. ಹಳಗನ್ನಡದಲ್ಲಿ ಇದನ್ನು ‘ಮಱೆ’ ಅಂತ ಶಕಟರೇಫದಲ್ಲಿ ಬರೆಯುತ್ತಿದ್ದರು. ಆ ‘ಱ’ ಕನ್ನಡದಲ್ಲಿ ಮಾಯವಾಗಿ ಸಾಮಾನ್ಯ ‘ರ’ ಜೊತೆ ಸೇರಿಹೋಯಿತು. ಮಲಯಾಳಂ, ತಮಿಳಿನಲ್ಲಿ ಇನ್ನೂ ಉಳಿದಿದೆ. ನಮ್ಮ ಬಸ್ ನಿಲ್ದಾಣದ ಬೋರ್ಡುಗಳಲ್ಲಿ ಮಲಯಾಳಂ ಓದುವ ಮಕ್ಕಳಿಗೆ ಈ ಎರಡು ‘ರ’ಗಳ ವ್ಯತ್ಯಾಸ ಚೆನ್ನಾಗಿ ಗೊತ್ತು.

ನಮ್ಮ ಸುತ್ತಮುತ್ತ ಕಿವಿಗೊಟ್ಟು ಕೇಳಿ. ಮಲಯಾಳಂನಲ್ಲಿ ‘ಮಱವಿ’. ತಮಿಳಿನಲ್ಲಿ ‘ಮಱತಿ’. ತೆಲುಗಿನಲ್ಲಿ ‘ಮರುಪು’, ಅದಕ್ಕೆ ಮತಿ ಸೇರಿಸಿ ‘ಮತಿಮರುಪು’. ತುಳುವಿನಲ್ಲಿ ‘ಮದತ್ ಪೋಂಡು’. ಹವ್ಯಕರ ಮನೆಯಲ್ಲಿ ‘ಎನಗೆ ಮರದತ್ತು’. ಎಲ್ಲ ಒಂದೇ ಬೇರಿನ ಚಿಗುರು. ಕೊಂಕಣಿ, ಮರಾಠಿಯವರದ್ದು ಮಾತ್ರ ಬೇರೆ ದಾರಿ: ಅವರ ‘ವಿಸರ್’ ಬಂದದ್ದು ಸಂಸ್ಕೃತದ ‘ವಿಸ್ಮರ’ದಿಂದ, ಪ್ರಾಕೃತದಲ್ಲಿ ಸವೆದು.

ಇನ್ನೊಂದು ಸಂಗತಿ. ಕನ್ನಡದಲ್ಲಿ ‘ಮರೆ’ ಅಂದರೆ ನೆನಪಿನಿಂದ ಬಿಡುವುದೂ ಹೌದು, ಅಡ್ಡ, ಪರದೆ, ತೆರೆ ಅಂತಲೂ ಹೌದು. ‘ಮರದ ಮರೆಯಲ್ಲಿ ನಿಂತ’, ‘ಕಣ್ಮರೆಯಾದ’ ಅಂತೀವಲ್ಲ. ಹಳಗನ್ನಡದಲ್ಲಿ ಎರಡಕ್ಕೂ ಅದೇ ಱ. ತಮಿಳು, ಮಲಯಾಳಂನಲ್ಲೂ ಮರೆಯುವುದಕ್ಕೆ ಮತ್ತು ಮರೆಮಾಡುವುದಕ್ಕೆ ಪದಗಳು ಅಕ್ಕಪಕ್ಕದವೇ. ಹೀಗಾಗಿ ಮರೆತದ್ದು ಅಂದರೆ ನಾಶವಾದದ್ದು ಅಂತ ನಮ್ಮ ಪದ ಹೇಳುವುದಿಲ್ಲ, ಅಡ್ಡ ಬಂದು ಕಾಣದಾದದ್ದು ಅಂತ ಹೇಳುತ್ತದೆ. ಹಿರಿಯರ ಜೊತೆ ದಿನ ಕಳೆಯುವವರಿಗೆ ಇದು ಎಷ್ಟು ಸರಿ ಅಂತ ಗೊತ್ತಿರುತ್ತದೆ. ಬೆಳಿಗ್ಗೆ ಮಗಳ ಹೆಸರು ಸಿಗದೆ ತಡಕಾಡಿದವರು ಸಂಜೆ ದೀಪ ಹಚ್ಚುವ ಹೊತ್ತಿಗೆ ಹೆಸರು ಹಿಡಿದು ಕರೆಯುವುದುಂಟು.

ಅರಳುಮರಳು ಅಂತ ಹೇಳಿದರೆ ತಪ್ಪೇನು? ಅಜ್ಜಂದಿರ ಕಾಲದ ಮಾತಲ್ವಾ?

ಹಳೆಯ ಮಾತು ನಿಜ. ‘ಅರವತ್ತಕ್ಕೆ ಅರಳುಮರಳು’ ಎಲ್ಲರ ಬಾಯಲ್ಲಿದೆ. ಆದರೆ ಆ ಪದದ ಒಳಗೆ ಏನಿದೆ ಅಂತ ನೋಡಿ. ಅದರ ‘ಮರಳು’ ಹೊಳೆಯ ಮರಳೂ ಅಲ್ಲ, ಮರಳಿ ಬರುವ ಮರಳೂ ಅಲ್ಲ. ನಿಘಂಟುಗಳಲ್ಲಿ ‘ಅರುಳುಮರುಳು’ ಅನ್ನುವ ರೂಪವೂ ಇದೆ. ಅದು ‘ಮರುಳು’. ‘ಜನ ಮರುಳೋ ಜಾತ್ರೆ ಮರುಳೋ’ ಅನ್ನುವಾಗಿನ ಮರುಳು, ಅಂದರೆ ಭ್ರಾಂತಿ, ಹುಚ್ಚು. ತುಳುವಿನ ‘ಮರ್ಲ್’ ಇದೇ. ಮರೆವಿನ ಱ ಇದರಲ್ಲಿ ಇಲ್ಲ. ಕೇಳಲು ಹತ್ತಿರ ಅನ್ನಿಸಿದರೂ ಎರಡು ಪದಗಳೂ ಬೇರೆ ಬೇರೆ.

ಬೇಂದ್ರೆಯವರು ಇದೇ ಮಾತನ್ನು ತಮ್ಮ ಸಂಕಲನಕ್ಕೆ ಹೆಸರಾಗಿ ಇಟ್ಟರು. ‘ಅರಳು ಮರಳು’ಗೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅರಳುವುದು, ಮರಳಿ ಅರಳುವುದು ಅನ್ನುವ ಅರ್ಥ ಅಲ್ಲಿ ಹೊಳೆಯುತ್ತದೆ. ಕವಿಗೆ ಅದು ಸಲ್ಲುತ್ತದೆ. ಮನೆಯಲ್ಲಿ, ಅಜ್ಜಿಯ ಎದುರಿಗೇ, ‘ಅವರಿಗೆ ಅರಳುಮರಳು ಬಿಡಿ’ ಅಂತ ನೆಂಟರಿಗೆ ಹೇಳುವಾಗ ಮಾತ್ರ ಆ ಪದ ಎರಡು ಕೆಟ್ಟ ಕೆಲಸ ಮಾಡುತ್ತದೆ. ಒಂದು, ಅವರ ಮಾತಿಗೆ ಇನ್ನು ಬೆಲೆ ಇಲ್ಲ ಅಂತ ಸಾರುತ್ತದೆ. ಎರಡು, ಇದು ವಯಸ್ಸಿಗೆ ಬರಲೇಬೇಕಾದದ್ದು, ಡಾಕ್ಟರಿಗೆ ತೋರಿಸುವ ವಿಷಯ ಅಲ್ಲ ಅಂತ ಬಾಗಿಲು ಹಾಕುತ್ತದೆ. ಎರಡನೆಯದು ನನಗೆ ಜಾಸ್ತಿ ಚಿಂತೆಯದು. ಎಷ್ಟೋ ಮನೆಗಳಲ್ಲಿ ಆಸ್ಪತ್ರೆಗೆ ಹೋಗದೆ ವರ್ಷಗಟ್ಟಲೆ ಕಳೆದದ್ದು ಈ ಒಂದು ಪದದ ದೆಸೆಯಿಂದ.

ಶುದ್ಧ ಕನ್ನಡದಲ್ಲಿ ‘ಸ್ಮೃತಿಭ್ರಂಶ’ ಅಂತ ಬರೆದರೆ ಸಾಕಲ್ವಾ?

ಅದು ಸಂಸ್ಕೃತ. ಪತ್ರಿಕೆಗೆ, ಲೇಖನಕ್ಕೆ ಆಗುತ್ತದೆ. ಮರಾಠಿಯಲ್ಲಂತೂ ಡಿಮೆನ್ಷಿಯಾಗೆ ಅದೇ ಪದ. ಗೀತೆಯ ಎರಡನೇ ಅಧ್ಯಾಯದ 63ನೇ ಶ್ಲೋಕದಲ್ಲಿ ಈ ಪದ ಇದೆ: ಕೋಪದಿಂದ ಸಂಮೋಹ, ಸಂಮೋಹದಿಂದ ಸ್ಮೃತಿ ತಪ್ಪುವುದು, ಸ್ಮೃತಿಭ್ರಂಶದಿಂದ ಬುದ್ಧಿನಾಶ. ಅಲ್ಲಿ ಹೇಳುತ್ತಿರುವುದು ಕೋಪದಲ್ಲಿ ವಿವೇಕ ಕಳೆದುಕೊಳ್ಳುವವನ ಬಗ್ಗೆ, ಕಾಯಿಲೆಯ ಬಗ್ಗೆ ಅಲ್ಲ. ಆ ಶ್ಲೋಕ ಬಾಯಿಗೆ ಬರುವ ಮನೆಯಲ್ಲಿ ‘ಸ್ಮೃತಿಭ್ರಂಶ’ ಅಂದರೆ ಏನೋ ತಪ್ಪು ಮಾಡಿದ್ದಕ್ಕೆ ಬಂದದ್ದು ಅನ್ನುವ ಛಾಯೆ ಸುಮ್ನೆ ಅಂಟಿಕೊಳ್ಳುತ್ತದೆ.

‘ಅಪಸ್ಮಾರ’ದ ಕಥೆ ಇನ್ನೂ ಸ್ವಾರಸ್ಯ. ಪದದ ಅರ್ಥ ಸ್ಮೃತಿ ದೂರವಾಗುವುದು ಅಂತ. ಚರಕ ಸಂಹಿತೆ ಅದನ್ನು ಹಾಗೇ ವಿವರಿಸುತ್ತದೆ. ಆದರೆ ಕಾಯಿಲೆ ಮಾತ್ರ ಮೂರ್ಛೆರೋಗ, ಫಿಟ್ಸ್. ನಟರಾಜನ ಕಾಲಡಿಯಲ್ಲಿ ಬಿದ್ದಿರುವ ಕುಳ್ಳನ ಹೆಸರೂ ಅಪಸ್ಮಾರ. ಹಾಗಾಗಿ ಬರೀ ಪದದ ಬಿಡಿ ಅರ್ಥ ನೋಡಿ ಕಾಯಿಲೆ ಯಾವುದು ಅಂತ ತೀರ್ಮಾನಿಸಬೇಡಿ.

‘ಬುದ್ಧಿಮಾಂದ್ಯ’ ಅಂತ ಕೆಲವರು ಬರೆಯುತ್ತಾರೆ?

ಅದು ತಪ್ಪು. ಅದು ಹುಟ್ಟಿನಿಂದಲೋ ಎಳವೆಯಿಂದಲೋ ಇರುವ ಬೌದ್ಧಿಕ ಬೆಳವಣಿಗೆಯ ಕೊರತೆಗೆ ಇದ್ದ ಪದ. ಸರ್ಟಿಫಿಕೇಟ್, ಪಿಂಚಣಿ ಅರ್ಜಿಯಲ್ಲಿ ಹಾಗೆ ಬರೆದರೆ ಮುಂದೆ ತೊಂದರೆ ಆಗುತ್ತದೆ.

ಆಸ್ಪತ್ರೆಯ ಚೀಟಿಯಲ್ಲಿ, ಆಶಾ ಕಾರ್ಯಕರ್ತೆಯ ಬಾಯಲ್ಲಿ ಬರುವ ಮಲಯಾಳಂ ಪದಗಳು?

‘ಓರ್ಮ್ಮಕ್ಕುರವು’ ಅಂದರೆ ನೆನಪು ಕಡಿಮೆ ಇರುವುದು. ‘ಓರ್ಮ್ಮ’ ಅಂದರೆ ನೆನಪು. ಇದು ಲಕ್ಷಣದ ಹೆಸರು, ಕಾಯಿಲೆಯದ್ದಲ್ಲ. ‘ಮರವಿರೋಗಂ’ ಅಂದರೆ ಮರೆವಿನ ರೋಗ, ಅಲ್ಝೈಮರ್ ಮತ್ತು ಡಿಮೆನ್ಷಿಯಾಗೆ ಹೇಳುವುದು. ‘ಮೇಧಾಕ್ಷಯಂ’ ಅಂದರೂ ಡಿಮೆನ್ಷಿಯಾ. ಕ್ಷಯ ಅಂತ ನೋಡಿ ಟಿಬಿ ಅಂದುಕೊಂಡು ಹೆದರಬೇಡಿ. ‘ಸ್ಮೃತಿನಾಶಂ’ ಕೂಡ ಬಳಕೆಯಲ್ಲಿದೆ. ಕೇರಳ ಸರ್ಕಾರದ ಡಿಮೆನ್ಷಿಯಾ ಯೋಜನೆಯ ಹೆಸರು ‘ಓರ್ಮ್ಮತ್ತೋಣಿ’, ಅಂದರೆ ನೆನಪಿನ ದೋಣಿ. ಆ ಹೆಸರಲ್ಲಿ ಯಾರಾದರೂ ಬಂದು ಮಾತಾಡಿಸಿದರೆ ಒಳಗೆ ಕರೆದು ಕೂರಿಸಿ ಕೇಳಿಸಿಕೊಳ್ಳಿ.

ಮನೆಯಲ್ಲಿ ನಾವು ಯಾವ ಪದ ಬಳಸೋಣ?

‘ಮರೆವಿನ ಕಾಯಿಲೆ’. ಇದು ನನ್ನ ಗಟ್ಟಿ ಅಭಿಪ್ರಾಯ. ಕಾಯಿಲೆ ಬಂದವರಿಗೇ ಅರ್ಥವಾಗುತ್ತದೆ, ತುಳುವರಿಗೂ ಮಲಯಾಳಿಗಳಿಗೂ ಅರ್ಧಕ್ಕರ್ಧ ಅರ್ಥವಾಗುತ್ತದೆ, ಬೈಗುಳ ಅಲ್ಲ, ಮತ್ತು ‘ಕಾಯಿಲೆ’ ಅಂತ ಅದರಲ್ಲೇ ಇರುವುದರಿಂದ ಡಾಕ್ಟರ ದಾರಿ ತೆರೆದಿರುತ್ತದೆ. ಫೈಲಿನಲ್ಲಿ ಮಾತ್ರ ಡಾಕ್ಟರು ಬರೆದ ಹೆಸರೇ ಇರಲಿ. ‘ಮರೆಗುಳಿ’ ಅಂತ ಕರೆಯಬೇಡಿ. ಅದು ಲಂಚಗುಳಿ ಇದ್ದ ಹಾಗೆ ಚಾಳಿಯ ಹೆಸರು, ಆ ಮನುಷ್ಯನ ಮೇಲೆ ತಪ್ಪು ಹೊರಿಸುತ್ತದೆ.

ಹೆಸರು ಬದಲಾಯಿಸಿದರೆ ಏನು ಬಂತು ಅಂತ ಕೇಳುವವರಿಗೆ ಜಪಾನಿನ ಉದಾಹರಣೆ ಸಾಕು. ಅಲ್ಲಿ ಡಿಮೆನ್ಷಿಯಾಗೆ ಇದ್ದ ‘ಚಿಹೋ’ ಅನ್ನುವ ಪದದಲ್ಲಿ ದಡ್ಡತನ, ಪೆದ್ದುತನದ ಅರ್ಥ ಇತ್ತು. 2004ರಲ್ಲಿ ಸರ್ಕಾರವೇ ಅದನ್ನು ತೆಗೆದು ‘ನಿನ್ಚಿಶೋ’ ಅಂತ, ಅಂದರೆ ಅರಿವಿಗೆ ಸಂಬಂಧಿಸಿದ ಕಾಯಿಲೆ ಅನ್ನುವ ಅರ್ಥದ ಪದ ತಂದಿತು. ಈಗ ಅದೇ ರೂಢಿ.

ಹಳೆಯದೆಲ್ಲ ನೆನಪಿದೆ, ಈಗ ಊಟ ಮಾಡಿದ್ದು ಮರೆತಿದೆ. ಇದು ಜಾಣಮರೆವು ಅಲ್ವಾ?

ಅಲ್ಲ. ಈ ಮಾತಿನಿಂದ ಮನೆಗಳಲ್ಲಿ ಆಗುವ ಜಗಳ ನೋಡಿ ನೋಡಿ ಬೇಸರವಾಗಿದೆ. ಅಲ್ಝೈಮರ್ ಮೊದಲು ಹಿಡಿಯೋದು ಸಾಮಾನ್ಯವಾಗಿ ಹಿಪೊಕ್ಯಾಂಪಸ್ ಮತ್ತು ಅದರ ಅಕ್ಕಪಕ್ಕದ ಭಾಗವನ್ನು. ಹೊಸ ನೆನಪು ಕೂಡಿಕೊಳ್ಳುವುದು ಅಲ್ಲಿ. ಹಾಗಾಗಿ ಇವತ್ತಿನದು ಒಳಗೆ ಹೋಗಿಯೇ ಇರುವುದಿಲ್ಲ. ಐವತ್ತು ವರ್ಷದ ಹಿಂದಿನದು ಬೇರೆಡೆ ಗಟ್ಟಿಯಾಗಿ ಕೂತಿರುತ್ತದೆ. ಕೈಗೆ, ನಾಲಗೆಗೆ ರೂಢಿಯಾದದ್ದು ಇನ್ನೂ ತಡವಾಗಿ ಹೋಗುತ್ತದೆ.

ನಾನು ಕಂಡ ಒಬ್ಬ ಹಿರಿಯ ಭಾಗವತರಿದ್ದರು, ಯಕ್ಷಗಾನದ ಹಾಡುಗಾರರು. ಮಗನನ್ನು ನೋಡಿ ‘ನಿಮಗೆ ಯಾವ ಊರು’ ಅಂತ ಕೇಳುತ್ತಿದ್ದರು. ಆದರೆ ಯಾರಾದರೂ ಪಕ್ಕದಲ್ಲಿ ಕೂತು ಪದದ ಮೊದಲ ಸಾಲು ಎತ್ತಿಕೊಟ್ಟರೆ ಮಡಿಲ ಮೇಲೆ ಬೆರಳಲ್ಲಿ ತಾಳ ಹಾಕುತ್ತ, ಪೂರ್ತಿ ಪದವನ್ನು ಅಕ್ಷರ ಬಿಡದೆ ಹೇಳಿ, ಕೊನೆಗೆ ಚೆಂಡೆಯವನು ಬಿಡ್ತಿಗೆ ಸಿದ್ಧನಿದ್ದಾನಾ ಅಂತ ಬಲಕ್ಕೆ ತಿರುಗಿ ನೋಡುತ್ತಿದ್ದರು. ಅದರಲ್ಲಿ ನಾಟಕ ಎಳ್ಳಷ್ಟೂ ಇಲ್ಲ. ಮೆದುಳಿನಲ್ಲಿ ನೆನಪು ಒಂದೇ ಜಾಗದಲ್ಲಿ ಇರುವುದಿಲ್ಲ, ಅಷ್ಟೇ.

ಶಾಪ, ದೋಷ ಅಂತ ಹೇಳುತ್ತಾರಲ್ಲ?

ನಮ್ಮ ತಾಳಮದ್ದಳೆಗಳಲ್ಲಿ ಕರ್ಣನ ಕಥೆ ಕೇಳಿ ಬೆಳೆದವರು ನಾವು. ಬೇಕಾದ ಹೊತ್ತಿಗೆ ಅಸ್ತ್ರದ ಮಂತ್ರ ಮರೆತುಹೋಗಲಿ ಅಂತ ಪರಶುರಾಮರ ಶಾಪ. ಶಕುಂತಲೆಯ ಕಥೆಯಲ್ಲೂ ದುಷ್ಯಂತ ಮರೆತದ್ದು ದುರ್ವಾಸರ ಶಾಪದಿಂದ. ಅರ್ಥದಾರಿಗಳ ಬಾಯಲ್ಲಿ ಆ ಘಟ್ಟ ಕೇಳಿದರೆ ಕಣ್ಣಲ್ಲಿ ನೀರು ಬರುತ್ತದೆ. ಪ್ರಸಂಗದಲ್ಲಿ ಅದು ಇರಲಿ. ಮನೆಯ ಹಿರಿಯರಿಗೆ ಬಂದದ್ದು ಮೆದುಳಿನ ಕೋಶಗಳ ಕಾಯಿಲೆ. ಪ್ರಶ್ನೆ ಇಡಿಸಿ, ಪೂಜೆ ಮಾಡಿಸಿ ನೆಮ್ಮದಿ ಸಿಗುವುದಾದರೆ ಮಾಡಿಸಿ, ಆದರೆ ರಕ್ತಪರೀಕ್ಷೆ ಅದಕ್ಕೂ ಮೊದಲು ಆಗಲಿ.

ರಕ್ತಪರೀಕ್ಷೆ ಯಾಕೆ? ವಾಸಿಯಾಗುತ್ತಾ?

ಕೆಲವು ಮರೆವು ವಾಸಿಯಾಗುತ್ತದೆ, ಅದಕ್ಕೇ. ಥೈರಾಯ್ಡ್ ಕಡಿಮೆ ಆಗಿರುವುದು, ಬಿ12 ಕೊರತೆ, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಖಿನ್ನತೆ, ನಿದ್ದೆ ಮಾತ್ರೆಯ ಪರಿಣಾಮ, ಬಿದ್ದಾಗ ತಲೆಯೊಳಗೆ ನಿಧಾನಕ್ಕೆ ರಕ್ತ ಕಟ್ಟಿಕೊಂಡದ್ದು: ಇವೆಲ್ಲ ಮರೆವಿನ ವೇಷದಲ್ಲಿ ಬರುತ್ತವೆ. ಚಿಕಿತ್ಸೆ ಇದೆ. ನಿನ್ನೆವರೆಗೆ ಚೆನ್ನಾಗಿದ್ದವರು ಒಂದೆರಡು ದಿನದಲ್ಲೇ ಗೊಂದಲವಾಗಿ ಏನೇನೋ ಮಾತಾಡಿದರೆ ಅದು ಹೆಚ್ಚಾಗಿ ಡಿಮೆನ್ಷಿಯಾ ಅಲ್ಲ, ಸೋಂಕೋ ಇನ್ನೇನೋ ಇರಬಹುದು. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮುಖ ಸೊಟ್ಟಗಾಗಿ ಮಾತು ತೊದಲಿದರೆ ಪಾರ್ಶ್ವವಾಯು, ಒಂದು ನಿಮಿಷವೂ ಕಾಯಬೇಡಿ.

ಅಲ್ಝೈಮರ್ ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ. ಡೊನೆಪೆಜಿಲ್ ತರಹದ ಮಾತ್ರೆಗಳು ಕೆಲವರಿಗೆ ಲಕ್ಷಣಗಳನ್ನು ಸ್ವಲ್ಪ ಕಾಲ ಹಿಡಿದಿಡುತ್ತವೆ. ಬಿಪಿ, ಶುಗರ್ ಹತೋಟಿ, ಕಿವಿ ಕೇಳದಿದ್ದರೆ ಶ್ರವಣಯಂತ್ರ, ನಡಿಗೆ, ಜನರ ಜೊತೆ ಮಾತುಕತೆ ಇವೂ ಮುಖ್ಯ.

ಸಾಮಾನ್ಯ ಮರೆವು ಯಾವುದು, ಕಾಯಿಲೆ ಯಾವುದು?

ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದು ಸಾಮಾನ್ಯ. ಕನ್ನಡಕ ಕೈಯಲ್ಲಿ ಹಿಡಿದು ಇದು ಯಾತಕ್ಕೆ ಅಂತ ಕೇಳಿದರೆ ತೋರಿಸಬೇಕು. ನಲವತ್ತು ವರ್ಷ ನಡೆದ ತೋಟದ ದಾರಿ ತಪ್ಪುವುದು, ಒಂದೇ ಪ್ರಶ್ನೆಯನ್ನು ಹತ್ತು ನಿಮಿಷದಲ್ಲಿ ಐದಾರು ಸಲ ಕೇಳುವುದು, ಅಡಿಕೆ ಲೆಕ್ಕ ಬಾಯಲ್ಲೇ ಮಾಡುತ್ತಿದ್ದವರಿಗೆ ಅಂಗಡಿಯ ಚಿಲ್ಲರೆ ತಿಳಿಯದಾಗುವುದು, ಸ್ವಭಾವವೇ ಬದಲಾಗುವುದು. ಇಂಥದ್ದು ಕಂಡರೆ ತಡಮಾಡಬೇಡಿ.

ವೈದ್ಯರು ಮಲಯಾಳಂನಲ್ಲೇ ಪ್ರಶ್ನೆ ಕೇಳುತ್ತಾರೆ. ಪರವಾಗಿಲ್ವಾ?

ಇದು ನಮ್ಮ ಗಡಿಯ ದೊಡ್ಡ ಸಮಸ್ಯೆ. ನೆನಪಿನ ಪರೀಕ್ಷೆ ಅಂದರೆ ಪದಗಳ ಪರೀಕ್ಷೆಯೇ. ಮೂರು ಪದ ಹೇಳಿ ಸ್ವಲ್ಪ ಹೊತ್ತಿನ ನಂತರ ಮತ್ತೆ ಹೇಳಿ ಅಂತಾರೆ, ವಸ್ತು ತೋರಿಸಿ ಹೆಸರು ಕೇಳುತ್ತಾರೆ, ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಬರುತ್ತದೆ ಅಂತ ನೋಡುತ್ತಾರೆ. ಮಲಯಾಳಂ ಪೇಟೆಯಲ್ಲಿ ವ್ಯವಹಾರಕ್ಕೆ ಮಾತ್ರ ಬರುವ ಅಜ್ಜನಿಗೆ ಆ ಭಾಷೆಯಲ್ಲಿ ಪರೀಕ್ಷೆ ಮಾಡಿದರೆ ಅಂಕ ಕಡಿಮೆ ಬಂದೇ ಬರುತ್ತದೆ. ಅದು ಕಾಯಿಲೆಯಿಂದಲೋ ಭಾಷೆಯಿಂದಲೋ ಹೇಗೆ ಗೊತ್ತಾಗಬೇಕು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇಂಥ ಪರೀಕ್ಷೆಗಳ ಒಂದು ಗುಚ್ಛವನ್ನು ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಈ ಐದು ಭಾಷೆಗಳಲ್ಲಿ ಸಿದ್ಧ ಮಾಡಿದೆ. ಅಂದರೆ ಕನ್ನಡದ್ದು ಇದೆ. ಕೇಳಿ. ನಾಚಿಕೆ ಬೇಡ. ತುಳು, ಕೊಂಕಣಿ ಮಾತಾಡುವವರಾದರೆ ಮನೆಯವರೊಬ್ಬರು ಪಕ್ಕದಲ್ಲಿ ಕೂತು ಪ್ರಶ್ನೆಯನ್ನು ಮಾತ್ರ ಹೇಳಿಕೊಡಿ, ಉತ್ತರ ಹೇಳಿಕೊಡಬೇಡಿ. ಎಷ್ಟನೇ ಕ್ಲಾಸು ಓದಿದ್ದಾರೆ, ಯಾವ ಭಾಷೆಯಲ್ಲಿ ಓದಿದ್ದಾರೆ ಅನ್ನುವುದನ್ನೂ ಡಾಕ್ಟರಿಗೆ ಹೇಳಿ. ಅದು ಅಂಕದ ಲೆಕ್ಕಕ್ಕೆ ಬೇಕಾಗುತ್ತದೆ.

ಯಾರನ್ನು ಕೇಳಬಹುದು?

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲೂಕು ಆಸ್ಪತ್ರೆ. ಅಲ್ಲಿಂದ ನರರೋಗ ಅಥವಾ ಮನೋರೋಗ ವಿಭಾಗಕ್ಕೆ ಬರೆದುಕೊಡುತ್ತಾರೆ. ನಮ್ಮ ಕಡೆಯವರು ಹೆಚ್ಚಾಗಿ ಮಂಗಳೂರಿಗೆ ಹೋಗುತ್ತಾರೆ, ಕೆಲವರು ಕಣ್ಣೂರಿಗೆ. ಟೆಲಿ ಮಾನಸ್‌ನ 14416 ಮಾನಸಿಕ ಆರೋಗ್ಯಕ್ಕೆ ದೇಶವಿಡೀ ಕೆಲಸ ಮಾಡುವ ಉಚಿತ ಸಹಾಯವಾಣಿ. ಹಿರಿಯ ನಾಗರಿಕರಿಗೆ 14567 ಇದೆ. ಭಾರತದ ಅಲ್ಝೈಮರ್ ಸಂಘಟನೆ ಎಆರ್‌ಡಿಎಸ್ಐ 1992ರಲ್ಲಿ ಹುಟ್ಟಿದ್ದು ಕೇರಳದಲ್ಲೇ, ಅವರಿಂದಲೂ ಮಾಹಿತಿ ಸಿಗುತ್ತದೆ. ಹೋಗುವಾಗ ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿ, ನಾಟಿ ಔಷಧಿ ಇದ್ದರೆ ಅದನ್ನೂ ತೆಗೆದುಕೊಂಡು ಹೋಗಿ. ಮರೆವು ಯಾವಾಗಿನಿಂದ, ಮೊದಲು ಏನು ಕಂಡಿರಿ ಅನ್ನುವುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದಿಟ್ಟುಕೊಳ್ಳಿ. ಅಲ್ಲಿ ಹೋಗಿ ಕೂತಾಗ ಅರ್ಧ ವಿಷಯ ಬಾಯಿಗೆ ಬರುವುದಿಲ್ಲ.